ಸಾಮಾಜಿಕ ವಸತಿ ಕಾಮಗಾರಿಗೆ ಪಾರ್ಟ್ನರಿಂಗ್ ಕರಾರು: ಇಂಗ್ಲೆಂಡಿನ ವಸತಿ ಸಂಸ್ಥೆಗಳಿಗೆ ಹಂತ ಹಂತದ ಸಮಗ್ರ ಮಾರ್ಗದರ್ಶಿ

ಇಂಗ್ಲೆಂಡಿನಲ್ಲಿ ಕಡಿಮೆ ಬಾಡಿಗೆಯ ಮನೆಗಳನ್ನು ಕಟ್ಟಿಸಿ, ದುರಸ್ತಿ ಮಾಡಿಸಿ ನಿರ್ವಹಿಸುವ ಹೊಣೆ ಮುಖ್ಯವಾಗಿ ಸ್ಥಳೀಯ ಕೌನ್ಸಿಲ್‌ಗಳ ಮತ್ತು ಹೌಸಿಂಗ್ ಅಸೋಸಿಯೇಷನ್‌ಗಳ ಮೇಲಿದೆ. ಕರ್ನಾಟಕದಿಂದ ಹೋಗಿ ಅಲ್ಲಿ ಕ್ವಾಂಟಿಟಿ ಸರ್ವೇಯರ್, ಪ್ರಾಜೆಕ್ಟ್ ಮ್ಯಾನೇಜರ್ ಅಥವಾ ಪ್ರೊಕ್ಯೂರ್‌ಮೆಂಟ್ ಅಧಿಕಾರಿಯಾಗಿ ಕೆಲಸಕ್ಕೆ ಸೇರುವವರಿಗೆ ಟೆಂಡರ್ ಎಂಬುದು ಹೊಸದಲ್ಲ. ಆದರೆ ನಕ್ಷೆ, ಅಂದಾಜು ಪಟ್ಟಿ ಎಲ್ಲವನ್ನೂ ಮೊದಲೇ ಸಿದ್ಧಪಡಿಸಿ, ಎಲ್-1, ಅಂದರೆ ಅತಿ ಕಡಿಮೆ ದರ ಹಾಕಿದವರಿಗೆ ಕೆಲಸ ಒಪ್ಪಿಸುವ ನಮ್ಮ ರೂಢಿಯ ಎದುರು, ಬೆಲೆ ಪೂರ್ತಿ ಗೊತ್ತಾಗುವ ಮೊದಲೇ ಗುತ್ತಿಗೆದಾರನನ್ನು ಆರಿಸಿ ಅವನ ಜೊತೆ ಕುಳಿತು ವಿನ್ಯಾಸವನ್ನೂ ದರವನ್ನೂ ಕಟ್ಟಿಕೊಳ್ಳುವ ಪಾರ್ಟ್ನರಿಂಗ್ ಪದ್ಧತಿ ಮೊದಮೊದಲಿಗೆ ಅನುಮಾನ ಹುಟ್ಟಿಸುತ್ತದೆ. ಆ ಅನುಮಾನ ಅಕಾರಣವಲ್ಲ. ಪಾರ್ಟ್ನರಿಂಗ್ ಎಂದರೆ ಪರಸ್ಪರ ಒಳ್ಳೆಯವರಾಗಿರುವುದು ಎಂದುಕೊಂಡ ಸಂಸ್ಥೆಗಳು ಹಣ ಕಳೆದುಕೊಂಡಿವೆ. ಯಾವ ಮಾಹಿತಿ, ಯಾವ ದಿನ, ಯಾರಿಂದ ಯಾರಿಗೆ ಬರಬೇಕು ಎಂಬ ಶಿಸ್ತು ಎಂದು ಅರ್ಥಮಾಡಿಕೊಂಡ ಸಂಸ್ಥೆಗಳಿಗೆ ಅದು ಫಲ ಕೊಟ್ಟಿದೆ.

ಈ ಪದ್ಧತಿಯ ಬೇರು 1990ರ ದಶಕದಲ್ಲಿದೆ. 1994ರಲ್ಲಿ ಸರ್ ಮೈಕೆಲ್ ಲೇಥಮ್ ಅವರ ವರದಿ ಕಟ್ಟಡ ಉದ್ಯಮದ ಜಗಳಗಂಟಿ ಸ್ವಭಾವವನ್ನು ಎತ್ತಿ ತೋರಿಸಿತು. 1998ರಲ್ಲಿ ಸರ್ ಜಾನ್ ಈಗನ್ ಅವರ ಕಾರ್ಯಪಡೆ ಇನ್ನೂ ಮುಂದೆ ಹೋಗಿ, ಬಂಡವಾಳ ವೆಚ್ಚವನ್ನೂ ನಿರ್ಮಾಣದ ಅವಧಿಯನ್ನೂ ವರ್ಷಕ್ಕೆ ಶೇ 10ರಷ್ಟು, ದೋಷಗಳನ್ನು ಶೇ 20ರಷ್ಟು ಇಳಿಸುವ ಗುರಿ ಇಟ್ಟಿತು. ಒಂದೇ ಬಗೆಯ ಕೆಲಸ ಸಾವಿರಾರು ಮನೆಗಳಲ್ಲಿ ವರ್ಷವರ್ಷವೂ ಮರುಕಳಿಸುವ ಸಾಮಾಜಿಕ ವಸತಿ ಕ್ಷೇತ್ರ ಇದರ ಪ್ರಯೋಗಕ್ಕೆ ಹೇಳಿಮಾಡಿಸಿದಂತಿತ್ತು. 2000ದಲ್ಲಿ ಹಲವು ಪಕ್ಷಗಳು ಒಟ್ಟಿಗೆ ಸಹಿ ಹಾಕುವ ಪಿಪಿಸಿ 2000 ಎಂಬ ಮಾದರಿ ಕರಾರು ಬಂತು. 2005ರಲ್ಲಿ ದುರಸ್ತಿ ಮತ್ತು ನಿರ್ವಹಣೆಗೆಂದು ಟಿಪಿಸಿ 2005 ಬಂತು.

ಹಂತ 1: ಪಾರ್ಟ್ನರಿಂಗ್ ಬೇಕೇ ಎಂದು ಮೊದಲು ಕೇಳಿಕೊಳ್ಳಿ

ಎಲ್ಲ ಕೆಲಸಕ್ಕೂ ಇದು ಹೊಂದುವುದಿಲ್ಲ. ಹತ್ತು ಗ್ಯಾರೇಜುಗಳ ಚಾವಣಿ ಬದಲಿಸುವ ಒಂದು ಬಾರಿಯ ಕೆಲಸಕ್ಕೆ ಕೋರ್ ಗ್ರೂಪ್ (ಎಲ್ಲ ಪಕ್ಷಗಳ ಪ್ರತಿನಿಧಿಗಳ ನಿರ್ಣಯ ಸಮಿತಿ), ಓಪನ್ ಬುಕ್ (ಗುತ್ತಿಗೆದಾರ ತನ್ನ ನಿಜ ವೆಚ್ಚದ ಲೆಕ್ಕ ತೆರೆದು ತೋರಿಸುವುದು) ಎಂದು ಹೊರಟರೆ ಆಡಳಿತದ ಖರ್ಚೇ ಮೈಮೇಲೆ ಬರುತ್ತದೆ. ಅಂಥದ್ದಕ್ಕೆ ಸಾಧಾರಣ ಟೆಂಡರ್ ಸಾಕು. ಹಲವು ವರ್ಷ ನಡೆಯುವ ಅಡುಗೆಮನೆ, ಸ್ನಾನದಮನೆ, ಕಿಟಕಿ ಬದಲಾವಣೆ, ದಿನನಿತ್ಯದ ದುರಸ್ತಿ, ಖಾಲಿಯಾದ ಮನೆಗಳನ್ನು ಮುಂದಿನ ಬಾಡಿಗೆದಾರರಿಗೆ ಸಜ್ಜುಗೊಳಿಸುವ ವಾಯ್ಡ್ ಕೆಲಸ, ಅನಿಲ ಬಾಯ್ಲರ್‌ಗಳ ಸರ್ವಿಸಿಂಗ್ ಮತ್ತು ವಿನ್ಯಾಸದಲ್ಲಿ ಗುತ್ತಿಗೆದಾರನ ಜ್ಞಾನ ಬೇಕಾಗುವ ಎತ್ತರದ ಕಟ್ಟಡಗಳ ದೊಡ್ಡ ಕಾಮಗಾರಿಗಳಲ್ಲಿ ಮಾತ್ರ ಇದರ ಲಾಭ ಕಾಣುತ್ತದೆ.

ಇನ್ನೊಂದು ಪ್ರಶ್ನೆ ನಿಮ್ಮ ಸಂಸ್ಥೆಯದೇ ಸಾಮರ್ಥ್ಯದ ಬಗ್ಗೆ. ಗುತ್ತಿಗೆದಾರ ತನ್ನ ಲೆಕ್ಕದ ಪುಸ್ತಕ ತೆರೆದಿಟ್ಟರೆ ಅದನ್ನು ಓದಬಲ್ಲವರು ನಿಮ್ಮ ಕಡೆ ಇದ್ದಾರೆಯೇ? ಇಲ್ಲದಿದ್ದರೆ ಓಪನ್ ಬುಕ್ ಎಂಬುದು ಬರೀ ಹೆಸರಿಗೆ ಉಳಿಯುತ್ತದೆ. ಒಬ್ಬ ಅನುಭವಿ ಕಾಸ್ಟ್ ಕನ್ಸಲ್ಟೆಂಟ್‌ನ ವೆಚ್ಚವನ್ನು ಬಜೆಟ್ಟಿನಲ್ಲಿ ಮೊದಲೇ ಇಟ್ಟುಕೊಳ್ಳಿ. ಆ ಹುದ್ದೆಯನ್ನು ಉಳಿತಾಯದ ಹೆಸರಿನಲ್ಲಿ ಕೈಬಿಡುವ ಸಂಸ್ಥೆ ಪಾರ್ಟ್ನರಿಂಗ್‌ಗೆ ಕೈಹಾಕದಿರುವುದೇ ಲೇಸು.

ಹಂತ 2: ಲೀಸ್‌ಹೋಲ್ಡರ್‌ಗಳ ಸಮಾಲೋಚನೆಯನ್ನು ವೇಳಾಪಟ್ಟಿಯ ಮೊದಲ ಸಾಲಿಗೆ ತನ್ನಿ

ಹೊಸಬರು ಎಡವುವುದು ಹೆಚ್ಚಾಗಿ ಇಲ್ಲಿ. 1980ರ ವಸತಿ ಕಾಯ್ದೆ ಕೊಟ್ಟ ಖರೀದಿ ಹಕ್ಕಿನಿಂದಾಗಿ ಕೌನ್ಸಿಲ್ ಕಟ್ಟಡಗಳ ಎಷ್ಟೋ ಫ್ಲ್ಯಾಟುಗಳು ಇಂದು ಖಾಸಗಿ ಲೀಸ್‌ಹೋಲ್ಡರ್‌ಗಳ, ಅಂದರೆ ದೀರ್ಘಾವಧಿ ಗುತ್ತಿಗೆಯ ಮೇಲೆ ಫ್ಲ್ಯಾಟ್ ಕೊಂಡವರ, ಕೈಯಲ್ಲಿವೆ. ಚಾವಣಿ, ಲಿಫ್ಟ್, ಹೊರಗೋಡೆಗಳ ವೆಚ್ಚದಲ್ಲಿ ಅವರ ಪಾಲನ್ನು ಸರ್ವಿಸ್ ಚಾರ್ಜ್ ಆಗಿ ವಸೂಲು ಮಾಡಬೇಕಾದರೆ 1985ರ ಭೂಮಾಲೀಕ ಮತ್ತು ಬಾಡಿಗೆದಾರ ಕಾಯ್ದೆಯ 20ನೇ ಸೆಕ್ಷನ್ ಪ್ರಕಾರ ಅವರೊಂದಿಗೆ ಸಮಾಲೋಚನೆ ನಡೆಸಲೇಬೇಕು. 12 ತಿಂಗಳು ಮೀರಿದ ಕರಾರಿನಡಿ ಒಬ್ಬ ಲೀಸ್‌ಹೋಲ್ಡರ್ ವರ್ಷಕ್ಕೆ 100 ಪೌಂಡ್‌ಗಿಂತ ಹೆಚ್ಚು ಕೊಡಬೇಕಾಗುವುದಾದರೆ ಅದು ದೀರ್ಘಾವಧಿ ಒಪ್ಪಂದ. ಒಂದು ಕಾಮಗಾರಿಗೆ 250 ಪೌಂಡ್‌ಗಿಂತ ಹೆಚ್ಚಾಗುವುದಾದರೆ ಅದು ಸಮಾಲೋಚನೆ ಬೇಕಾದ ಕಾಮಗಾರಿ. ಸಮಾಲೋಚನೆ ತಪ್ಪಿದರೆ ಎಷ್ಟೇ ಖರ್ಚಾಗಿದ್ದರೂ ಪ್ರತಿಯೊಬ್ಬರಿಂದ ಈ 100 ಅಥವಾ 250 ಪೌಂಡ್ ಮಾತ್ರ ಸಿಗುತ್ತದೆ, ಮಿಕ್ಕಿದ್ದು ಸಂಸ್ಥೆಯ ತಲೆಗೆ.

ಕೆಲವು ವರ್ಷಗಳ ಪಾರ್ಟ್ನರಿಂಗ್ ಕರಾರು ಸಾಮಾನ್ಯವಾಗಿ ಈ ದೀರ್ಘಾವಧಿ ಒಪ್ಪಂದದ ವ್ಯಾಖ್ಯೆಗೆ ಬೀಳುತ್ತದೆ. ಹಾಗಾಗಿ ಟೆಂಡರ್‌ಗೆ ಮುಂಚೆ ಉದ್ದೇಶದ ನೋಟಿಸ್, ಗುತ್ತಿಗೆದಾರನನ್ನು ಆರಿಸಿದ ಮೇಲೆ ಸಹಿಗೆ ಮುಂಚೆ ಪ್ರಸ್ತಾವದ ನೋಟಿಸ್, ಎರಡಕ್ಕೂ 30 ದಿನಗಳ ಕಾಲಾವಕಾಶ. ಮುಂದೆ ಆ ಕರಾರಿನಡಿ ಒಂದೊಂದು ದೊಡ್ಡ ಕಾಮಗಾರಿ ಬಂದಾಗ ಮತ್ತೆ ಒಂದು ನೋಟಿಸ್. ಪಾರ್ಟ್ನರಿಂಗ್‌ನಲ್ಲಿ ಪ್ರಸ್ತಾವದ ಹೊತ್ತಿಗೆ ಕೊನೆಯ ಬೆಲೆ ಇರುವುದಿಲ್ಲವಾದ್ದರಿಂದ ದರಪಟ್ಟಿ, ಯೂನಿಟ್ ದರ, ಗಂಟೆಯ ಕೂಲಿ ಇವುಗಳಲ್ಲಿ ಕೊಡಲು ಸಾಧ್ಯವಾದದ್ದನ್ನು ಕೊಟ್ಟು, ಸಾಧ್ಯವಾಗದ್ದಕ್ಕೆ ಕಾರಣ ಬರೆಯಬೇಕು. ನೋಟಿಸ್‌ನಲ್ಲಿ ಲೋಪವಾದರೆ ಟ್ರಿಬ್ಯುನಲ್‌ನಿಂದ ವಿನಾಯಿತಿ ಕೇಳಬಹುದು. 2013ರಲ್ಲಿ ಡೇಜನ್ ವಿರುದ್ಧ ಬೆನ್ಸನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, ಲೋಪದಿಂದ ಲೀಸ್‌ಹೋಲ್ಡರ್‌ಗೆ ನಿಜವಾಗಿ ಏನು ನಷ್ಟವಾಯಿತು ಎಂಬುದೇ ಮುಖ್ಯ ಪ್ರಶ್ನೆ ಎಂದು ಹೇಳಿದೆ. ಆದರೂ ವಿನಾಯಿತಿಯನ್ನು ನಂಬಿ ಯೋಜನೆ ಹಾಕುವುದು ಜಾಣತನವಲ್ಲ.

ಹಂತ 3: ಖರೀದಿ ಕಾನೂನಿನ ದಾರಿ ಆರಿಸಿ

ಪಾರ್ಟ್ನರಿಂಗ್ ಎಂಬ ಕಾರಣಕ್ಕೆ ಸಾರ್ವಜನಿಕ ಸ್ಪರ್ಧೆಯಿಂದ ವಿನಾಯಿತಿ ಇಲ್ಲ. 2025ರ ಫೆಬ್ರುವರಿ 24ರಿಂದ ಜಾರಿಗೆ ಬಂದ 2023ರ ಪ್ರೊಕ್ಯೂರ್‌ಮೆಂಟ್ ಕಾಯ್ದೆ ಇಂಗ್ಲೆಂಡಿನ ಕೌನ್ಸಿಲ್‌ಗಳಿಗೂ, ಸಾರ್ವಜನಿಕ ಖರೀದಿದಾರರೆಂದು ಪರಿಗಣಿತವಾಗುವ ಹೌಸಿಂಗ್ ಅಸೋಸಿಯೇಷನ್‌ಗಳಿಗೂ ಅನ್ವಯಿಸುತ್ತದೆ. ಸ್ಕಾಟ್ಲೆಂಡಿನ ನಿಯಮ ಬೇರೆ. ಆ ದಿನಕ್ಕೆ ಮುಂಚೆ ಆರಂಭವಾದ ಖರೀದಿಗಳು ಮತ್ತು ಅವುಗಳಿಂದ ಹುಟ್ಟಿದ ಫ್ರೇಮ್‌ವರ್ಕ್‌ಗಳು (ಮುಂದೆ ಕೊಡುವ ಕರಾರುಗಳ ಷರತ್ತುಗಳನ್ನು ಮೊದಲೇ ಗೊತ್ತುಮಾಡುವ ಒಪ್ಪಂದಗಳು) ಹಳೆಯ 2015ರ ನಿಯಮಗಳಡಿಯಲ್ಲೇ ಮುಂದುವರಿಯುತ್ತವೆ. ಆದ್ದರಿಂದ ನೀವು ಬಳಸಲಿರುವ ಫ್ರೇಮ್‌ವರ್ಕ್ ಯಾವ ಕಾನೂನಿನ ಕೂಸು ಎಂದು ಮೊದಲು ನೋಡಿಕೊಳ್ಳಿ.

ಹೊಸ ಕಾಯ್ದೆಯ ಕಾಂಪಿಟಿಟಿವ್ ಫ್ಲೆಕ್ಸಿಬಲ್ ಪ್ರೊಸೀಜರ್ ಪಾರ್ಟ್ನರಿಂಗ್‌ಗೆ ಅನುಕೂಲ, ಏಕೆಂದರೆ ಆಯ್ಕೆಯ ಸುತ್ತುಗಳನ್ನು, ಮಾತುಕತೆಯ ಹಂತಗಳನ್ನು ನೀವೇ ರೂಪಿಸಬಹುದು. ರೂಪಿಸಿದ್ದನ್ನು ಟೆಂಡರ್ ನೋಟಿಸ್‌ನಲ್ಲಿ ಮತ್ತು ದಾಖಲೆಗಳಲ್ಲಿ ಮೊದಲೇ ಹೇಳಿ, ಹೇಳಿದಂತೆ ನಡೆದುಕೊಳ್ಳಬೇಕು. ಸಾಧಾರಣ ಫ್ರೇಮ್‌ವರ್ಕ್‌ನ ಗರಿಷ್ಠ ಅವಧಿ ನಾಲ್ಕು ವರ್ಷ, ಮಧ್ಯೆ ಹೊಸಬರಿಗೆ ಬಾಗಿಲು ತೆರೆಯುವ ಓಪನ್ ಫ್ರೇಮ್‌ವರ್ಕ್‌ಗೆ ಎಂಟು ವರ್ಷ. 50 ಲಕ್ಷ ಪೌಂಡ್ ಮೀರಿದ ಕರಾರಿಗೆ ಕನಿಷ್ಠ ಮೂರು ಕೆಪಿಐಗಳನ್ನು (ಕೆಲಸದ ಸಾಧನೆ ಅಳೆಯುವ ಮುಖ್ಯ ಸೂಚಕಗಳನ್ನು) ಪ್ರಕಟಿಸಿ, ವರ್ಷಕ್ಕೊಮ್ಮೆಯಾದರೂ ಅಳೆದು ಫಲಿತಾಂಶವನ್ನು ಸಾರ್ವಜನಿಕವಾಗಿ ತಿಳಿಸಬೇಕು. ಇದು ಫ್ರೇಮ್‌ವರ್ಕ್‌ಗಲ್ಲ, ಅದರಡಿ ಕೊಡುವ ಕರಾರಿಗೆ ಅನ್ವಯಿಸುವ ನಿಯಮ.

ಸಣ್ಣ ಸಂಸ್ಥೆಗಳು ಒಂಟಿಯಾಗಿ ಹೋಗಬೇಕಿಲ್ಲ. ಲಂಡನ್ನಿನ ಹ್ಯಾಕ್ನಿ ಮತ್ತು ಹ್ಯಾರಿಂಗೇ ಕೌನ್ಸಿಲ್‌ಗಳ ವಸತಿ ವಿಭಾಗಗಳು ಒಂದೇ ವ್ಯವಸ್ಥೆಯಡಿ ಸೇರಿ, ಮುಖ್ಯ ಗುತ್ತಿಗೆದಾರರ ಜೊತೆ ಮಾತ್ರವಲ್ಲದೆ ಅವರ ಕೆಳಗಿನ ಉಪಗುತ್ತಿಗೆದಾರರ, ಸಾಮಗ್ರಿ ಪೂರೈಕೆದಾರರ ಜೊತೆಗೂ ದರ ಗೊತ್ತುಮಾಡಿಕೊಂಡ ಉದಾಹರಣೆ ಈ ಕ್ಷೇತ್ರದಲ್ಲಿ ಹೆಸರಾದದ್ದು. ಉಳಿತಾಯ ನಿಜವಾಗಿ ಅಡಗಿರುವುದು ಆ ಕೆಳಗಿನ ಪದರದಲ್ಲಿ.

ಹಂತ 4: ಗುಣಮಟ್ಟವನ್ನು ಅಳೆಯುವ ಬಗೆ

ಗುತ್ತಿಗೆದಾರನನ್ನು ಕರೆಯುವ ಹೊತ್ತಿಗೆ ಪೂರ್ತಿ ಕಾಮಗಾರಿಯ ಬೆಲೆ ಕೇಳಲು ಸಾಧ್ಯವಿಲ್ಲ. ಆದರೂ ಬೆಲೆಯ ಮೇಲೆ ಸ್ಪರ್ಧೆ ಇರಲೇಬೇಕು. ಲಾಭ, ಕಚೇರಿಯ ಓವರ್‌ಹೆಡ್, ನಿರ್ಮಾಣ ಪೂರ್ವ ಹಂತದ ಶುಲ್ಕ, ಕೂಲಿಯ ದರಗಳು, ಮಾದರಿಯಾಗಿ ಕೊಟ್ಟ ಒಂದೆರಡು ಮನೆಗಳ ಪೂರ್ಣ ಬೆಲೆ ಇಷ್ಟನ್ನು ಟೆಂಡರ್‌ನಲ್ಲೇ ಕಟ್ಟಿಹಾಕಿ. ಇವು ಮುಂದೆ ಬದಲಾಗಕೂಡದು.

ಗುಣಮಟ್ಟದ ಪ್ರಶ್ನೆಗಳಿಗೆ ಬರುವ ಉತ್ತರಗಳನ್ನು ಬಹುತೇಕ ಬಿಡ್ ರೈಟರ್‌ಗಳು ಬರೆದಿರುತ್ತಾರೆ. ಎಲ್ಲರದೂ ಸುಂದರವಾಗಿಯೇ ಇರುತ್ತದೆ. ಅದಕ್ಕಿಂತ, ಕರಾರು ಸಿಕ್ಕಿದರೆ ನಿಜವಾಗಿ ಕೆಲಸ ನಡೆಸಲಿರುವ ಕಾಂಟ್ರಾಕ್ಟ್ ಮ್ಯಾನೇಜರ್, ಸೈಟ್ ಸೂಪರ್‌ವೈಸರ್, ಬಾಡಿಗೆದಾರರ ಸಂಪರ್ಕಾಧಿಕಾರಿ ಮೂವರನ್ನೂ ಕೂರಿಸಿ ಒಂದು ಸನ್ನಿವೇಶ ಕೊಡಿ: ಅಡುಗೆಮನೆ ಕಿತ್ತಾದ ಮೇಲೆ ಗೋಡೆಯ ಹಿಂದೆ ಕಲ್ನಾರು ಸಿಕ್ಕಿದೆ, ಮನೆಯಲ್ಲಿ ಆಮ್ಲಜನಕದ ಯಂತ್ರ ಬಳಸುವ ವೃದ್ಧರಿದ್ದಾರೆ, ದಿನ ಶುಕ್ರವಾರ, ಸಮಯ ಮೂರು ಗಂಟೆ. ಯಾರು ಯಾರಿಗೆ ಫೋನ್ ಮಾಡುತ್ತಾರೆ, ಆ ರಾತ್ರಿ ಆ ಮನೆಯವರ ಊಟ, ವಿದ್ಯುತ್ತು ಏನಾಗುತ್ತದೆ, ಹೆಚ್ಚುವರಿ ಖರ್ಚು ಯಾರ ಖಾತೆಗೆ? ಇದಕ್ಕೆ ಅವರು ಪರಸ್ಪರ ಮುಖ ನೋಡಿಕೊಳ್ಳುವ ರೀತಿಯಿಂದಲೇ ಎಷ್ಟೋ ತಿಳಿಯುತ್ತದೆ. ಇಂಥ ಪರೀಕ್ಷೆ ಇದೆ, ಅಂಕ ಹೀಗೆ ಎಂದು ಟೆಂಡರ್ ದಾಖಲೆಯಲ್ಲಿ ಮೊದಲೇ ಪ್ರಕಟಿಸಿರಬೇಕು, ಎಲ್ಲರಿಗೂ ಒಂದೇ ಸನ್ನಿವೇಶ ಕೊಡಬೇಕು, ಮೌಲ್ಯಮಾಪಕರ ಟಿಪ್ಪಣಿಗಳನ್ನು ಜೋಪಾನ ಮಾಡಬೇಕು. ಬಾಡಿಗೆದಾರರ ಪ್ರತಿನಿಧಿಗಳನ್ನು ಈ ಸುತ್ತಿನಲ್ಲಿ ಸೇರಿಸಿಕೊಳ್ಳುವುದು ಒಳ್ಳೆಯದು. ಅವರು ಕೇಳುವ ಪ್ರಶ್ನೆಗಳನ್ನು ಸಲಹೆಗಾರರು ಕೇಳುವುದಿಲ್ಲ.

ಹಂತ 5: ಕರಾರಿನ ನಮೂನೆ, ಮತ್ತು ಸದ್ಭಾವದ ಮಾತಿಗೆ ಎಷ್ಟು ಬೆಲೆ

ಹೊಸ ನಿರ್ಮಾಣಕ್ಕೂ ದೊಡ್ಡ ನವೀಕರಣಕ್ಕೂ ಪಿಪಿಸಿ 2000, ದುರಸ್ತಿಯ ಅವಧಿ ಕರಾರಿಗೆ ಟಿಪಿಸಿ 2005 ಅಥವಾ 2016ರಲ್ಲಿ ಅದರ ಮುಂದುವರಿಕೆಯಾಗಿ ಬಂದ ಟಿಎಸಿ-1, ಹಲವು ಸಂಸ್ಥೆಗಳೂ ಗುತ್ತಿಗೆದಾರರೂ ಒಂದೇ ಕೊಡೆಯಡಿ ಸೇರುವುದಾದರೆ ಎಫ್‌ಎಸಿ-1 ಎಂಬ ಫ್ರೇಮ್‌ವರ್ಕ್ ಕರಾರು. ಎನ್‌ಇಸಿ ಎಂಬ ಇನ್ನೊಂದು ಮಾದರಿ ಕರಾರು ಬಳಸಿ ರೂಢಿಯಿರುವವರು ಅದರಲ್ಲಿನ ಬಹುಪಕ್ಷ ಸಹಕಾರದ ಎಕ್ಸ್12 ಆಯ್ಕೆಯನ್ನು ಸೇರಿಸಿಕೊಳ್ಳುತ್ತಾರೆ. ಯಾವುದೇ ಆದರೂ ಬರೀ ಚಾರ್ಟರ್ ಎಂಬ ಸದಾಶಯದ ಹಾಳೆಗೆ ಎಲ್ಲರೂ ನಗುನಗುತ್ತಾ ಸಹಿ ಹಾಕಿ, ಅದರ ಕೆಳಗೆ ಹಳೆಯ ಎದುರಾಳಿ ಕರಾರನ್ನೇ ಇಟ್ಟುಕೊಳ್ಳುವುದು ಪಾರ್ಟ್ನರಿಂಗ್ ಅಲ್ಲ.

ಟಿಎಸ್‌ಜಿ ಬಿಲ್ಡಿಂಗ್ ಸರ್ವಿಸಸ್ ವಿರುದ್ಧ ಸೌತ್ ಆಂಗ್ಲಿಯಾ ಹೌಸಿಂಗ್ ಎಂಬ 2013ರ ತೀರ್ಪನ್ನು ಈ ಕೆಲಸಕ್ಕೆ ಕೈಹಾಕುವ ಪ್ರತಿಯೊಬ್ಬರೂ ಓದಬೇಕು. ಅನಿಲ ಸರ್ವಿಸಿಂಗ್‌ಗಾಗಿ ಟಿಪಿಸಿ 2005 ನಮೂನೆಯಲ್ಲಿ ನಾಲ್ಕು ವರ್ಷದ ಕರಾರಾಗಿತ್ತು. ವಿಶ್ವಾಸ, ನ್ಯಾಯ, ಪರಸ್ಪರ ಸಹಕಾರದ ಮನೋಭಾವದಿಂದ ಕೆಲಸ ಮಾಡುತ್ತೇವೆಂದು ಮೊದಲ ಷರತ್ತೇ ಹೇಳುತ್ತಿತ್ತು. ಮುಂದೊಂದು ಷರತ್ತಿನಲ್ಲಿ, ಮೂರು ತಿಂಗಳ ನೋಟಿಸ್ ಕೊಟ್ಟು ಯಾವ ಪಕ್ಷವಾದರೂ ಕರಾರನ್ನು ಕೊನೆಗೊಳಿಸಬಹುದು ಎಂದಿತ್ತು. ವಸತಿ ಸಂಸ್ಥೆ ಒಂದು ವರ್ಷದ ಚಿಲ್ಲರೆ ಅವಧಿಯಲ್ಲೇ ನೋಟಿಸ್ ಕೊಟ್ಟಿತು. ವಿಶ್ವಾಸದ ಷರತ್ತು ಇರುವಾಗ ಕಾರಣವಿಲ್ಲದೆ ಹೀಗೆ ಕೈಬಿಡಬಹುದೇ ಎಂಬುದು ಗುತ್ತಿಗೆದಾರನ ವಾದ. ಬಿಡಬಹುದು ಎಂದಿತು ನ್ಯಾಯಾಲಯ: ಸ್ಪಷ್ಟವಾಗಿ ಬರೆದ ಕೊನೆಗೊಳಿಸುವ ಹಕ್ಕನ್ನು ಸಹಕಾರದ ಸಾಮಾನ್ಯ ಮಾತು ಕುಗ್ಗಿಸುವುದಿಲ್ಲ, ಬೇರೆ ಸದ್ಭಾವದ ಕರ್ತವ್ಯವನ್ನು ಅಲ್ಲಿ ಊಹಿಸಿಕೊಳ್ಳಲೂ ಆಗುವುದಿಲ್ಲ.

ಇದರಿಂದ ಎರಡೂ ಕಡೆಯವರಿಗೆ ಕೆಲಸವಿದೆ. ಗುತ್ತಿಗೆದಾರ ವ್ಯಾನು, ಐಟಿ ವ್ಯವಸ್ಥೆ, ಸಿಬ್ಬಂದಿಗೆ ಆರಂಭದಲ್ಲೇ ಹಣ ಹಾಕಬೇಕೆಂದು ನೀವು ಬಯಸುವುದಾದರೆ, ಮೊದಲ ಎರಡು ವರ್ಷ ಕಾರಣವಿಲ್ಲದೆ ಕೊನೆಗೊಳಿಸುವಂತಿಲ್ಲ, ಆಮೇಲೆ ಕೊನೆಗೊಳಿಸಿದರೆ ತೀರದ ಹೂಡಿಕೆಗೆ ಇಷ್ಟು ಪರಿಹಾರ ಎಂದು ಬರೆಯಿರಿ. ಆ ಭದ್ರತೆ ಕೊಡಲು ಮನಸ್ಸಿಲ್ಲದಿದ್ದರೆ, ಗುತ್ತಿಗೆದಾರ ಆ ಅಪಾಯವನ್ನು ದರದಲ್ಲಿ ಸೇರಿಸುತ್ತಾನೆ ಎಂಬುದನ್ನು ಒಪ್ಪಿಕೊಳ್ಳಿ. ಮದುವೆಯ ಕೊಡುಕೊಳ್ಳುವ ಮಾತು ಛತ್ರದಲ್ಲಿ ಆಡುವುದಲ್ಲ, ನಿಶ್ಚಿತಾರ್ಥಕ್ಕೆ ಮುಂಚೆಯೇ ಮುಗಿದಿರಬೇಕು, ಇದೂ ಹಾಗೆಯೇ. ಪಾರ್ಟ್ನರಿಂಗ್ ಎಂಬ ಹೆಸರಿದ್ದರೂ ಕಾನೂನಿನ ದೃಷ್ಟಿಯ ಪಾಲುದಾರಿಕೆ ಸಂಸ್ಥೆ ಹುಟ್ಟುವುದಿಲ್ಲ, 1996ರ ನಿರ್ಮಾಣ ಕಾಯ್ದೆಯ ಪಾವತಿ ನೋಟಿಸ್‌ಗಳಾಗಲಿ 28 ದಿನಗಳ ಅಡ್ಜುಡಿಕೇಷನ್ (ವ್ಯಾಜ್ಯದ ತ್ವರಿತ ತೀರ್ಮಾನ) ಆಗಲಿ ತಪ್ಪುವುದಿಲ್ಲ.

ಹಂತ 6: ಬೆಲೆಯನ್ನು ಕಟ್ಟುವುದು

ಯೋಜಿತ ಕಾಮಗಾರಿಗಳಲ್ಲಿ ಗುತ್ತಿಗೆದಾರನನ್ನು ಆರಿಸಿದ ಮೇಲೆ ನಿರ್ಮಾಣ ಪೂರ್ವ ಹಂತ ಶುರುವಾಗುತ್ತದೆ. ಸರ್ವೆ, ವಿನ್ಯಾಸ, ಅಪಾಯಗಳ ಪಟ್ಟಿ, ಉಪಗುತ್ತಿಗೆಗಳ ಸ್ಪರ್ಧಾತ್ಮಕ ದರ ಎಲ್ಲವನ್ನೂ ಒಟ್ಟಿಗೆ ಮಾಡಿ ಕೊನೆಗೆ ಒಪ್ಪಿತ ಗರಿಷ್ಠ ಬೆಲೆಗೆ ಬರುತ್ತಾರೆ. ಪಿಪಿಸಿಯಲ್ಲಿ ಅದಾದ ಮೇಲೆಯೇ ಕಾಮಗಾರಿ ಆರಂಭಕ್ಕೆ ಒಪ್ಪುವ ಕಮೆನ್ಸ್‌ಮೆಂಟ್ ಅಗ್ರಿಮೆಂಟ್‌ಗೆ ಸಹಿ. ಆ ಸಹಿ ಬೀಳುವ ತನಕ ಮುಂದುವರಿಯದೆ ನಿಲ್ಲುವ ಹಕ್ಕನ್ನು, ಅಷ್ಟರತನಕದ ವಿನ್ಯಾಸವನ್ನು ಬೇರೆಯವರ ಜೊತೆ ಬಳಸುವ ಹಕ್ಕನ್ನು ನಿಮ್ಮ ಬಳಿ ಇಟ್ಟುಕೊಳ್ಳಿ. ಎರಡು ಹಂತದ ಪದ್ಧತಿಯಲ್ಲಿ ಸಂಸ್ಥೆಯ ಕೈಯಲ್ಲಿ ಉಳಿಯುವ ಬಿಗಿ ಅದೊಂದೇ.

ಊಹೆಯ ಒಂದು ಲೆಕ್ಕ ನೋಡೋಣ. 400 ಅಡುಗೆಮನೆಗಳು, ತಲಾ 6,000 ಪೌಂಡ್, ಗರಿಷ್ಠ ಬೆಲೆ 24 ಲಕ್ಷ ಪೌಂಡ್. ಉಳಿತಾಯವನ್ನು ಅರ್ಧರ್ಧ ಹಂಚುವ ಒಪ್ಪಂದವಿದ್ದು, ಪರಿಶೀಲಿಸಿದ ನಿಜ ವೆಚ್ಚ 22 ಲಕ್ಷಕ್ಕೆ ನಿಂತರೆ, ಉಳಿದ ಎರಡು ಲಕ್ಷದಲ್ಲಿ ಒಂದು ಲಕ್ಷ ಗುತ್ತಿಗೆದಾರನಿಗೆ. ಸಂಸ್ಥೆ 23 ಲಕ್ಷ ಕೊಡುತ್ತದೆ. ವೆಚ್ಚ 25.5 ಲಕ್ಷಕ್ಕೆ ಏರಿದರೆ, ಸಂಸ್ಥೆ ಹೊತ್ತುಕೊಂಡ ಅಪಾಯಗಳನ್ನು ಬಿಟ್ಟು ಮಿಕ್ಕಿದ್ದು ಗುತ್ತಿಗೆದಾರನ ನಷ್ಟ. ಕಾಗದದ ಮೇಲೆ ಇದು ಚೆನ್ನಾಗಿ ಕಾಣುತ್ತದೆ, ಆದರೆ ಒಳಗೆ ಎರಡು ತೂತುಗಳಿವೆ. ಗರಿಷ್ಠ ಬೆಲೆಯನ್ನು ಉಬ್ಬಿಸಿದಷ್ಟೂ ಹಂಚಿಕೊಳ್ಳುವ "ಉಳಿತಾಯ" ಹೆಚ್ಚುವುದರಿಂದ, ಬೆಲೆಯ ಪ್ರತಿ ಸಾಲಿನ ಹಿಂದೆ ಉಪಗುತ್ತಿಗೆದಾರನ ಕೊಟೇಷನ್ ಇರಲೇಬೇಕು. ಕಂಟಿಂಜೆನ್ಸಿ (ಅನಿರೀಕ್ಷಿತ ಖರ್ಚಿನ ಮೀಸಲು) ಪ್ರತ್ಯೇಕ ಸಾಲಿನಲ್ಲಿ ನಿಂತಿರಬೇಕು. ಇನ್ನೊಂದು ತೂತು ಲಾಭದ್ದು. ಲಾಭವನ್ನು ವೆಚ್ಚದ ಶೇ 5 ಎಂದು ಇಟ್ಟರೆ, ಎರಡು ಲಕ್ಷ ಉಳಿಸಿದ ಗುತ್ತಿಗೆದಾರ ತನ್ನ ಲಾಭದಲ್ಲಿ ಹತ್ತು ಸಾವಿರ ಪೌಂಡ್ ಕಳೆದುಕೊಳ್ಳುತ್ತಾನೆ. ಟೆಂಡರ್‌ನಲ್ಲಿ ಬಂದ ಶೇಕಡಾವಾರು ದರವನ್ನು ಗರಿಷ್ಠ ಬೆಲೆಗೆ ಅನ್ವಯಿಸಿ, ಲಾಭವನ್ನು ಒಂದು ನಿಗದಿತ ಮೊತ್ತವಾಗಿ ಕಟ್ಟಿಟ್ಟರೆ ಈ ತೊಡಕು ಹೋಗುತ್ತದೆ. ಪೂರೈಕೆದಾರರಿಂದ ವರ್ಷದ ಕೊನೆಗೆ ಗುತ್ತಿಗೆದಾರನ ಕೇಂದ್ರ ಕಚೇರಿಗೆ ಬರುವ ರಿಯಾಯಿತಿಗಳೂ ಓಪನ್ ಬುಕ್‌ನಲ್ಲಿ ಸೇರುತ್ತವೆ ಎಂದು ಬರೆಯದಿದ್ದರೆ ಅವು ಎಂದೂ ಕಣ್ಣಿಗೆ ಬೀಳುವುದಿಲ್ಲ.

ದಿನನಿತ್ಯದ ದುರಸ್ತಿಗೆ ಬೇರೆ ಮಾದರಿ. ನ್ಯಾಷನಲ್ ಹೌಸಿಂಗ್ ಫೆಡರೇಷನ್‌ನ ದರಪಟ್ಟಿಯ ಮೇಲೆ ಶೇಕಡಾವಾರು ಏರಿಳಿತ ಕೇಳುವುದು ಹಳೆಯ ಕ್ರಮ. ಇದರಲ್ಲಿ ಪ್ರತಿ ಕೆಲಸಕ್ಕೂ ಕೋಡ್ ಹಾಕುವ, ಹೆಚ್ಚುವರಿ ಮಂಜೂರಾತಿ ಕೇಳುವ ಕಾಗದಪತ್ರವೇ ಅರ್ಧ ದಿನ ತಿನ್ನುತ್ತದೆ. ಅದಕ್ಕೆ ಪರ್ಯಾಯ ಮನೆಗೆ ವರ್ಷಕ್ಕೆ ಇಂತಿಷ್ಟು, ವಾಯ್ಡ್‌ಗೆ ಇಂತಿಷ್ಟು ಎಂಬ ನಿಗದಿತ ದರ. ಆಗ ನಲ್ಲಿ ಸರಿಯಾಗಿ ರಿಪೇರಿಯಾಗಿ ಮತ್ತೆ ಸೋರದಿರುವುದು ಗುತ್ತಿಗೆದಾರನಿಗೇ ಲಾಭ. ಇಡೀ ಜಗಳ ಹೊರತುಪಡಿಸಿದ ಕೆಲಸಗಳ ಪಟ್ಟಿಗೆ ಸ್ಥಳಾಂತರವಾಗುತ್ತದೆ, ಆದ್ದರಿಂದ ಆ ಪಟ್ಟಿಯನ್ನು ಚಿಕ್ಕದಾಗಿ, ಅಳತೆಯ ಸಮೇತ ಬರೆಯಿರಿ: "ದೊಡ್ಡ ಪ್ಲಾಸ್ಟರ್ ಕೆಲಸ" ಎನ್ನಬೇಡಿ, ಒಂದು ಕೋಣೆಯಲ್ಲಿ ಇಷ್ಟು ಚದರ ಮೀಟರ್ ಮೀರಿದರೆ ಎನ್ನಿ. ಮನೆಯೊಂದಕ್ಕೆ ವರ್ಷಕ್ಕೆ ಬರುವ ದೂರುಗಳ ಸಂಖ್ಯೆ ನೀವು ಕೊಟ್ಟ ಹಿಂದಿನ ಅಂಕಿಅಂಶದಿಂದ ಬಹಳ ದೂರ ಸರಿದರೆ ದರವನ್ನು ಮರುಪರಿಶೀಲಿಸುವ ಷರತ್ತೂ ಇರಲಿ. ನಷ್ಟದಲ್ಲಿರುವ ಗುತ್ತಿಗೆದಾರ ಕರಾರು ಮುರಿಯುವುದಿಲ್ಲ, ಕೆಲಸವನ್ನು ನಿಧಾನಿಸುತ್ತಾನೆ; ಅದರ ಬಿಸಿ ತಟ್ಟುವುದು ಬಾಡಿಗೆದಾರನಿಗೆ.

ಹಂತ 7: ಸುರಕ್ಷತೆ ಮತ್ತು ಕಾಲಮಿತಿಗಳನ್ನು ಕರಾರಿನೊಳಗೆ ಹೆಣೆಯಿರಿ

2017ರ ಜೂನ್ 14ರಂದು ಗ್ರೆನ್‌ಫೆಲ್ ಟವರ್‌ನಲ್ಲಿ 72 ಜನ ಸತ್ತ ಬೆಂಕಿಯ ನಂತರ ಬಂದ 2022ರ ಕಟ್ಟಡ ಸುರಕ್ಷತಾ ಕಾಯ್ದೆಯಡಿ, 18 ಮೀಟರ್ ಅಥವಾ ಏಳು ಮಹಡಿಗಳಷ್ಟು ಎತ್ತರವಿರುವ ವಸತಿ ಕಟ್ಟಡಗಳ ಕಾಮಗಾರಿಗೆ ನಿಯಂತ್ರಕರ ಗೇಟ್‌ವೇ 2 ಒಪ್ಪಿಗೆ ಸಿಗದೆ ಕೆಲಸ ಆರಂಭಿಸುವಂತಿಲ್ಲ. ವಿನ್ಯಾಸ ಅಷ್ಟರೊಳಗೆ ನಿಜವಾಗಿಯೂ ಮುಗಿದಿರಬೇಕಾದ್ದರಿಂದ ಗುತ್ತಿಗೆದಾರನನ್ನು ಬೇಗ ಕರೆಸಿಕೊಳ್ಳುವ ಪಾರ್ಟ್ನರಿಂಗ್ ಇಲ್ಲಿ ಸಹಜವಾಗಿ ಹೊಂದುತ್ತದೆ. ಆದರೆ ಒಪ್ಪಿಗೆಗೆ ಕಾಯುವ ಕಾಲದಲ್ಲಿ ಬೆಲೆಯೇರಿಕೆಯ ಅಪಾಯ ಯಾರದು ಎಂದು ವೇಳಾಪಟ್ಟಿಯಲ್ಲೂ ಬೆಲೆಯಲ್ಲೂ ಬರೆದಿರಬೇಕು. "ಮೌಲ್ಯವರ್ಧನೆ"ಯ ಹೆಸರಿನಲ್ಲಿ ಅಗ್ಗದ ಸಾಮಗ್ರಿ ಸೂಚಿಸುವ ಹಳೆಯ ಚಾಳಿಗೆ ಈ ಕಟ್ಟಡಗಳಲ್ಲಿ ಜಾಗವಿಲ್ಲ. ಯಾವ ಬದಲಾವಣೆಯೂ ಪ್ರಿನ್ಸಿಪಲ್ ಡಿಸೈನರ್‌ನ (ವಿನ್ಯಾಸ ನಿಯಮಬದ್ಧವಾಗಿರುವಂತೆ ನೋಡಿಕೊಳ್ಳುವ ಮುಖ್ಯ ವಿನ್ಯಾಸಕನ) ಕಣ್ಣಿಗೆ ಬೀಳದೆ ಉಳಿತಾಯದ ಲೆಕ್ಕಕ್ಕೆ ಸೇರಕೂಡದು.

ದುರಸ್ತಿ ಕರಾರುಗಳಲ್ಲಿ, ರಾಚ್‌ಡೇಲ್‌ನಲ್ಲಿ ಮನೆಯ ಬೂಷ್ಟಿನಿಂದ ಸತ್ತ ಎರಡು ವರ್ಷದ ಅವಾಬ್ ಇಶಾಕ್‌ನ ಹೆಸರಿನ ಕಾನೂನು 2025ರ ಅಕ್ಟೋಬರ್ 27ರಿಂದ ಜಾರಿಯಲ್ಲಿದೆ. ತುರ್ತು ಅಪಾಯಗಳಿಗೆ 24 ಗಂಟೆ. ಗಂಭೀರ ತೇವ ಮತ್ತು ಬೂಷ್ಟಿಗೆ 10 ಕೆಲಸದ ದಿನಗಳೊಳಗೆ ತನಿಖೆ, ತನಿಖೆ ಮುಗಿದ 5 ಕೆಲಸದ ದಿನಗಳೊಳಗೆ ಅಪಾಯ ನಿವಾರಣೆ. ಕಾನೂನಿನ ಹೊಣೆ ಮನೆಮಾಲೀಕ ಸಂಸ್ಥೆಯದೇ, ಗುತ್ತಿಗೆದಾರನಿಗೆ ದಾಟಿಸಲಾಗದು. ಕೆಪಿಐನಲ್ಲಿ "ಸಮಯಕ್ಕೆ ಮುಗಿದ ದುರಸ್ತಿಗಳ ಶೇಕಡಾ" ಎಂಬ ಒಂದೇ ಸಾಲಿನ ಬದಲು ಈ ಗಡಿಯಾರಗಳನ್ನು ಒಂದೊಂದಾಗಿ ಇಡಿ, ಅವು ಓಡತೊಡಗುವ ಕ್ಷಣ ಯಾವುದೆಂದು ಹೇಳಿ.

ಹಂತ 8: ಕೋರ್ ಗ್ರೂಪನ್ನು ನಡೆಸುವುದು

ಸಂಸ್ಥೆ, ಗುತ್ತಿಗೆದಾರ, ವಿನ್ಯಾಸಕರಿಂದ ಹೆಸರಿಸಿದ ವ್ಯಕ್ತಿಗಳು ಕೋರ್ ಗ್ರೂಪಿನಲ್ಲಿರುತ್ತಾರೆ. ನಿರ್ಣಯ ಹಾಜರಿದ್ದವರ ಒಮ್ಮತದಿಂದ. ಮಾಸಿಕ ವರದಿ ಓದುವ ಸಭೆಯಾಗಿ ಅದು ಇಳಿದುಹೋದರೆ ಪ್ರಯೋಜನವಿಲ್ಲ. ಅರ್ಲಿ ವಾರ್ನಿಂಗ್‌ಗಳೇ, ಅಂದರೆ ಬರಲಿರುವ ಸಮಸ್ಯೆಯ ಮುನ್ಸೂಚನೆಗಳೇ, ಮೊದಲ ವಿಷಯವಾಗಿರಲಿ. ಸಮಸ್ಯೆಯನ್ನು ಬೇಗ ಹೇಳಿದವನನ್ನು ಆ ಸಭೆಯಲ್ಲಿ ಗದರಿಸಿದರೆ ಮುಂದಿನ ತಿಂಗಳಿಂದ ಯಾರೂ ಹೇಳುವುದಿಲ್ಲ. ಗ್ರೂಪು ಏನನ್ನು ನಿರ್ಧರಿಸಬಹುದು, ಯಾವುದಕ್ಕೆ ಸಂಸ್ಥೆಯ ಮಂಡಳಿಯ ಒಪ್ಪಿಗೆ ಬೇಕು ಎಂದು ಮೊತ್ತದ ಸಮೇತ ಬರೆದಿಡಿ. ದೊಡ್ಡ ಬದಲಾವಣೆಗಳನ್ನು ಸೌಹಾರ್ದದಿಂದ ಒಪ್ಪಿಕೊಂಡರೂ ಪ್ರೊಕ್ಯೂರ್‌ಮೆಂಟ್ ಕಾಯ್ದೆಯ ಮಿತಿ ದಾಟಿದರೆ ಅದು ಹೊಸ ಟೆಂಡರ್ ಬೇಕಾದ ಕೆಲಸವಾಗುತ್ತದೆ.

ಹಂತ 9: ಬೀಳುವ ಗುತ್ತಿಗೆದಾರ, ಮುಗಿಯುವ ಕರಾರು

ಸಾಮಾಜಿಕ ವಸತಿಯ ದುರಸ್ತಿಯಲ್ಲಿ ದೊಡ್ಡ ಹೆಸರಾಗಿದ್ದ ಕನಾಟ್ 2010ರ ಸೆಪ್ಟೆಂಬರ್‌ನಲ್ಲಿ ಕುಸಿದಾಗಲೂ, 2018ರ ಜನವರಿಯಲ್ಲಿ ದೊಡ್ಡ ನಿರ್ಮಾಣ ಕಂಪನಿ ಕರಿಲಿಯನ್ ಮುಳುಗಿದಾಗಲೂ ಗ್ರಾಹಕರು ರಾತ್ರೋರಾತ್ರಿ ಬದಲಿ ಏರ್ಪಾಟು ಮಾಡಬೇಕಾಯಿತು. ಓಪನ್ ಬುಕ್ ಒಂದು ಕಾಮಗಾರಿಯ ಲೆಕ್ಕ ತೋರಿಸುತ್ತದೆ, ಕಂಪನಿಯ ಆರೋಗ್ಯವನ್ನಲ್ಲ. ಮಾತೃ ಕಂಪನಿಯ ಗ್ಯಾರಂಟಿ ಅಥವಾ ಬಾಂಡ್, ಮುಖ್ಯ ಉಪಗುತ್ತಿಗೆದಾರರೊಂದಿಗೆ ನೇರವಾಗಿ ಮುಂದುವರಿಯುವ ಒಪ್ಪಂದ, ಹಣ ಮಧ್ಯೆ ಸಿಕ್ಕಿಕೊಳ್ಳದ ಹಾಗೆ ಪ್ರಾಜೆಕ್ಟ್ ಬ್ಯಾಂಕ್ ಖಾತೆ ಇವನ್ನು ಯೋಚಿಸಿ. ಉಪಗುತ್ತಿಗೆದಾರರಿಗೆ ಹಣ 30 ದಿನಗಳಲ್ಲಿ ತಲುಪುತ್ತಿದೆಯೇ ಎಂದು ಅವರನ್ನೇ ಕೇಳಿ. ಕಂಪನಿಯ ವಾರ್ಷಿಕ ವರದಿಗಿಂತ ಮುಂಚೆ ಸುದ್ದಿ ಬರುವುದು ಅಲ್ಲಿಂದ.

ಸಹಜವಾಗಿ ಮುಗಿಯುವ ಕರಾರಿಗೂ ಸಿದ್ಧತೆ ಬೇಕು. ಕೊನೆಯ ದಿನಕ್ಕೆ 18 ತಿಂಗಳಾದರೂ ಮುಂಚೆ ಹೊಸ ಖರೀದಿಯ ಕೆಲಸ ಶುರು ಮಾಡಿ, ಏಕೆಂದರೆ ಲೀಸ್‌ಹೋಲ್ಡರ್‌ಗಳ ನೋಟಿಸ್‌ಗಳು ಮತ್ತೆ ಮೊದಲಿಂದ ಬರುತ್ತವೆ. ಕೆಲಸ ಕೈಬದಲಾದಾಗ ನೌಕರರ ಹಕ್ಕು ಕಾಯುವ 2006ರ ಟ್ಯೂಪಿ ನಿಯಮಗಳಡಿ ಈ ಕರಾರಿಗೇ ಮೀಸಲಾದ ಕೆಲಸಗಾರರು ಸಾಮಾನ್ಯವಾಗಿ ಹೊಸ ಗುತ್ತಿಗೆದಾರನ ಬಳಿಗೆ ಹೋಗುತ್ತಾರೆ, ಅವರ ವೇತನ ಮತ್ತು ಸೇವಾ ವಿವರಗಳನ್ನು ವರ್ಗಾವಣೆಗೆ ಕನಿಷ್ಠ 28 ದಿನ ಮೊದಲು ಕೊಡಬೇಕು. ಆದರೆ ಟೆಂಡರ್ ಹಾಕುವವರಿಗೆ ಅದು ಬಹಳ ಮೊದಲೇ ಬೇಕಾದ್ದರಿಂದ, ಕೇಳಿದಾಗ ಕೊಡಬೇಕೆಂಬ ಷರತ್ತನ್ನು ಈಗಿನ ಕರಾರಿನಲ್ಲೇ ಹಾಕಿ. ಮನೆವಾರು ದುರಸ್ತಿಯ ಇತಿಹಾಸ, ಅನಿಲ ಸುರಕ್ಷತಾ ಪ್ರಮಾಣಪತ್ರಗಳು, ಕಲ್ನಾರಿನ ದಾಖಲೆ, ಮುಗಿಯದ ಕೆಲಸಗಳ ಪಟ್ಟಿ ಎಲ್ಲವೂ ನಿಮ್ಮ ಸ್ವತ್ತು ಎಂದೂ, ತೆರೆದು ಓದಬಲ್ಲ ರೂಪದಲ್ಲಿ ಮೂರು ತಿಂಗಳಿಗೊಮ್ಮೆ ನಿಮ್ಮ ವ್ಯವಸ್ಥೆಗೆ ಬರಬೇಕೆಂದೂ ಬರೆದು, ಮೊದಲ ತ್ರೈಮಾಸಿಕದಲ್ಲೇ ಒಮ್ಮೆ ತರಿಸಿ ತೆರೆದು ನೋಡಿ.